ಟರ್ಬೊ ಜವರ

ಬಿದಿರಿನ ಗಳುವಿಗೆ ಹಗ್ಗ ಸುತ್ತುತ್ತಿದ್ದ ನಾಗೇಶ ಗಂಟು ಬಿಗಿಯುವುದನ್ನು ನಿಲ್ಲಿಸಿ ತಲೆ ಎತ್ತಿದ. ಹಳ್ಳದ ಕಡೆಯಿಂದ ಚಿಕ್ಕಯ್ಯ ಅರ್ಧ ಓಡಿ ಅರ್ಧ ನಡೆದು ಬರುತ್ತಿದ್ದ. ಎಪ್ಪತ್ತು ದಾಟಿದ ಕೇರಿಯ ಹಿರಿಯ ಹಾಗೆ ಬರುವುದನ್ನು ಕಂಡು ಅಂಗಳದಲ್ಲಿ ಕೂತಿದ್ದ ಗಂಡಸರೆಲ್ಲ ಎದ್ದು ನಿಂತರು.

“ಮಸಾಣದ ದಾರಿ ಆಗದಿಲ್ಲ ಕಣ್ರಪ್ಪ,” ಎಂದ ಚಿಕ್ಕಯ್ಯ, ಜಗಲಿಯ ಅಂಚಿಗೆ ಕೈಯೂರಿ ಉಸಿರೆಳೆದುಕೊಳ್ಳುತ್ತ. “ಅಳ್ಳದ ಒಳಗ ಆನ ನಿಂತವ. ಮರೀನೂ ಅದ. ಗಾರ್ಡು ಬಂದು, ಸಂದೆಗಂಟ ಯಾರೂ ಇಳೀಬ್ಯಾಡಿ ಅಂದ್ಬುಟ್ಟ. ಗುಂಡಿ ತೆಗ್ಯಕ್ಕ ಓದೋರು ಆಚ ಕಡಗೇ ಉಳ್ಕಂಡವ್ರ.”

“ಮತ್ತ?”

“ರೋಡ್ನಲ್ಲೇ ಸುತ್ಕಂಡು ಓಗ್ಬೇಕು. ನಾಕು ಮೈಲಿ ಆಯ್ತದ. ಎಗಲ ಮ್ಯಾಲ ಆಗೋ ಮಾತಲ್ಲ. ಗಾಡಿ ಬೇಕು.”

ನಾಗೇಶ ಹಗ್ಗವನ್ನು ನೆಲಕ್ಕೆ ಬಿಟ್ಟ. ಅವನು ಜವರನ ಚಿಕ್ಕಪ್ಪನ ಮಗ. ತಾಳವಾಡಿ ಸ್ಟ್ಯಾಂಡಿನಲ್ಲಿ ಬಾಡಿಗೆ ಜೀಪು ಓಡಿಸುತ್ತಿದ್ದ. “ನನ್ ಜೀಪು ಚಾಮ್ರಾಜನಗರದಲ್ಲಿ ಬಿಚ್ಚಾಕ್ಕಂಡು ಕುಂತದ. ಇಸ್ಕೂಲ್ ವ್ಯಾನ್ ಕೇಳ್ಬೋದು. ಅದ್ರ ತುಂಬ ಸೀಟು. ಚಟ್ಟ ಇಡಿಯದಿಲ್ಲ.”

ಆ ಸ್ಕೂಲ್ ವ್ಯಾನನ್ನು ನಿನ್ನೆಯವರೆಗೆ ಓಡಿಸುತ್ತಿದ್ದವನೇ ಜವರ. ಸಂಜೆ ಮಕ್ಕಳನ್ನೆಲ್ಲ ಇಳಿಸಿ ಬಂದು ವ್ಯಾನಿಗೆ ನೀರು ಹೊಡೆಯುತ್ತಿದ್ದಾಗ ಎದೆ ಹಿಡಿದುಕೊಂಡು ಅದರ ಮೆಟ್ಟಿಲ ಮೇಲೆ ಕೂತಿದ್ದ. ಪಕ್ಕದ ಮನೆಯವರು ನೀರು ತರುವಷ್ಟರಲ್ಲಿ ಮುಗಿದಿತ್ತು. ಐವತ್ತೆರಡು ವರ್ಷ. ಈಗ ಜಗಲಿಯ ಚಾಪೆಯ ಮೇಲೆ, ಬಿಳಿ ಬಟ್ಟೆ ಹೊದ್ದು, ಚಾಪೆಯ ಆಚೆಗೂ ಒಂದು ಗೇಣು ಕಾಲು ಚಾಚಿ ಮಲಗಿದ್ದ. ಜೀರಹಳ್ಳಿಯ ಕೇರಿಯಲ್ಲಿ ಅವನಷ್ಟು ಎತ್ತರದವರು ಬೇರೆ ಯಾರೂ ಇರಲಿಲ್ಲ. ತಲೆಯ ಬಳಿ ಹೆಂಡತಿ ಪರಿಮಳ ಕೂತಿದ್ದಳು. ರಾತ್ರಿಯಿಡೀ ಅಲ್ಲಿಂದ ಎದ್ದಿರಲಿಲ್ಲ. ಮದುವೆಯಾಗಿ ಚಾಮರಾಜನಗರದಲ್ಲಿದ್ದ ಮಗಳು ಕವಿತ ಬೆಳಗಿನ ಮೊದಲ ಬಸ್ಸಿಗೆ ಬಂದಿದ್ದಳು.

ಯಾವ ಗಾಡಿ ಕೇಳುವುದೆಂದು ಮಾತಾಡುತ್ತಿರುವಾಗಲೇ ಕೇರಿಯ ಏರಿನಲ್ಲಿ ಒಂದು ಗಾಡಿಯ ಸದ್ದು ಕೇಳಿಸಿತು. ನಾಗೇಶ ನೋಡದೆಯೇ ಹೇಳಿದ, “ಸಿದ್ದೇಶಣ್ಣಾರ ಪಿಕಪ್ಪು.”

ಹಿಂಬದಿ ತೆರೆದ ಹಳೆಯ ಬಿಳಿ ಪಿಕಪ್ ಜೀಪು ಬೇವಿನ ಮರದ ಕೆಳಗೆ ಬಂದು ನಿಂತಿತು. ಓಡಿಸುತ್ತಿದ್ದವಳು ಸಿದ್ದೇಶನ ಮಗಳು ನೇತ್ರ. ತಂದೆಯ ಸೊಂಟ ಹಿಡಿದುಕೊಂಡ ಮೇಲೆ ಕೋಸು, ಆಲೂಗಡ್ಡೆ ತುಂಬಿಕೊಂಡು ಘಾಟಿ ಇಳಿದು ಸತ್ಯಮಂಗಲದ ಮಾರ್ಕೆಟ್ಟಿಗೆ ಹೋಗಿಬರುವವಳು ಅವಳೇ. ಇಪ್ಪತ್ತೈದು ವರ್ಷದ ಹುಡುಗಿ ಗಾಡಿ ಓಡಿಸುವುದನ್ನು ಮೊದಮೊದಲು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ ಊರಿಗೆ ಈಗ ಅಭ್ಯಾಸವಾಗಿತ್ತು. ಸಿದ್ದೇಶ ಬಾಳೆಲೆಯಲ್ಲಿ ಸುತ್ತಿದ ಹಾರ ಹಿಡಿದು ಕೆಳಗಿಳಿದ. ನೇತ್ರ ಇಳಿಯಲಿಲ್ಲ. ಎಂಜಿನ್ ಆರಿಸಲೂ ಇಲ್ಲ. ಸ್ಟೇರಿಂಗಿನ ಮೇಲೆ ಎರಡೂ ಕೈಯಿಟ್ಟು ಹಾಗೇ ಕೂತಳು.

“ಆಫ್ ಮಾಡ್ನಿಲ್ಲ ನೋಡು,” ಎಂದ ಸ್ಟ್ಯಾಂಡಿನ ಡ್ರೈವರೊಬ್ಬ ಮೆಲ್ಲಗೆ. “ಟರ್ಬೊ ಜವ್ರನ ಪಾಠ.”

“ಇಲ್ಲಿ ಅದೇನ್ ಬೇಕಿಲ್ಲ ಕಣ್ಲಾ,” ಎಂದ ನಾಗೇಶ. “ಊರೊಳಗಿಂದ ಎರಡ್ನೇ ಗೇರಲ್ಲಿ ಮೆತ್ತಗ ಬಂದವ್ಳ. ಬತ್ತಾ ಬತ್ತಾನೇ ಎಂಜಿನ್ನು ತಣ್ಣಗಾಗಿರ್ತದ. ಲೋಡ್ ಆಕ್ಕಂಡು ಘಾಟಿ ಅತ್ತಿ ನಿಲ್ಸ್ತೀಯಲ್ಲ, ಅವಾಗ ಬೇಕು.”

“ನಮ್ ಕಂಪ್ನಿ ಮೆಕ್ಯಾನಿಕ್ಕು ಎಲ್ಲೂ ಬೇಡ ಅಂತಾನ. ಈಗಿನ ಎಣ್ಣ ಬ್ಯಾರೆ ಅಂತ.”

“ಅವ ಕೋಯಮುತ್ತೂರಲ್ಲಿ ಕುಂತವ್ನ. ದಿಂಬಂ ಅತ್ತಿದ್ದಾನಾ ಕೇಳು.”

“ಜವ್ರಣ್ಣನೂ ಇಂಗೇ ಅಂತಿದ್ದ. ತಾನೇ ಟರ್ಬೊ ಸುಟ್ಟು, ಊರ್ಗೆಲ್ಲ ಬುದ್ದಿ ಏಳಿದ್ದೂ ಏಳಿದ್ದೇ. ಟರ್ಬೊ ಜವ್ರ!”

ಒಬ್ಬಿಬ್ಬರು ನಕ್ಕರು. ಸತ್ತವನನ್ನು ಹೀಯಾಳಿಸುವ ನಗುವಲ್ಲ ಅದು. ಅವನು ಬದುಕಿದ್ದಾಗ ಎದುರಿಗೇ ನಗುತ್ತಿದ್ದ ನಗು. ಆದರೆ ಜಗಲಿಯ ಮೇಲಿಂದ ಕವಿತ ಎದ್ದು ನಿಂತಳು.

“ನಮ್ಮಪ್ಪನ ಎಸ್ರು ಜವರ,” ಎಂದಳು. “ಇವತ್ತೊಂದಿನನಾರ ಅಷ್ಟೇ ಅನ್ನಿ.”

ಬೇವಿನ ಮರದ ಕೆಳಗೆ ಎಂಜಿನ್ ಆರಿತು. ನೇತ್ರ ಬಾಗಿಲು ತೆಗೆದು ಇಳಿದಳು.

*

ಆ ಪಿಕಪ್ ಊರಿಗೆ ಬಂದದ್ದು ಎರಡು ಸಾವಿರದ ಒಂದರಲ್ಲಿ. ಅದಕ್ಕೂ ಮೊದಲು ಸಿದ್ದೇಶನ ಮನೆಯಲ್ಲಿ ಒಂದು ಮೆಟಡೋರ್ ಇತ್ತು, ಅದನ್ನೂ ಜವರನೇ ಓಡಿಸುತ್ತಿದ್ದ. ಜವರನ ಅಪ್ಪ ದೊಡ್ಡಯ್ಯ ಸಿದ್ದೇಶನ ಅಪ್ಪನ ಹೊಲದಲ್ಲಿ ಕೂಲಿ ಮಾಡಿದವನು. ಕೇರಿಯಲ್ಲಿ ಮೊದಲು ಲೈಸೆನ್ಸ್ ಪಡೆದವನು ಜವರ. ಆ ದಿನ ಅವನು ತಾಳವಾಡಿಯಿಂದ ಮನೆಯವರೆಗೂ ಲೈಸೆನ್ಸನ್ನು ಜೇಬಿಗೆ ಹಾಕದೆ ಕೈಯಲ್ಲೇ ಹಿಡಿದುಕೊಂಡು ನಡೆದು ಬಂದಿದ್ದನಂತೆ.

ಹೊಸ ಗಾಡಿಯ ಮೊದಲ ಸರ್ವಿಸಿಗೆ ಸತ್ಯಮಂಗಲಕ್ಕೆ ಹೋದಾಗ ಮೆಕ್ಯಾನಿಕ್ ಮುರುಗನ್ ಅವನನ್ನು ಬಾನೆಟ್ಟಿನ ಬಳಿಗೆ ಕರೆದ. ಮುರುಗನ್ ಕನ್ನಡ ತಮಿಳು ಎರಡನ್ನೂ ಕಲಸಿ ಮಾತಾಡುವವನು.

“ಇದು ಟರ್ಬೊ ವಂಡಿ, ಜವ್ರಣ್ಣ. ನಿಮ್ ಹಳೇ ಮೆಟಡೋರ್ ಅಲ್ಲ. ಘಾಟ್ ಹತ್ತಿ ಮೇಲೆ ಬಂದ ಕೂಡ್ಲೆ ಕೀ ತಿರುಗಿಸ್ಬೇಡಿ. ರೆಂಡು ನಿಮಿಷಂ, ಎರಡೇ ನಿಮಿಷ, ಸುಮ್ನೆ ಓಡ್ಲಿ.”

“ಯಾಕ?”

ಮುರುಗನ್ ಮೂಲೆಯ ಡಬ್ಬಿಯಿಂದ ಸುಟ್ಟುಹೋದ ಟರ್ಬೊ ಒಂದರ ಬೆರಳುದ್ದದ ಕಬ್ಬಿಣದ ಅಚ್ಚು ತೆಗೆದು ಅವನ ಅಂಗೈಯಲ್ಲಿಟ್ಟ. ಇದ್ದಿಲಿನಂತೆ ಕಪ್ಪಾಗಿತ್ತು. ಹೊಗೆಯ ಬಿಸಿಯಲ್ಲೇ ಒಂದು ಸಣ್ಣ ಚಕ್ರ ನಿಮಿಷಕ್ಕೆ ಲಕ್ಷ ಸುತ್ತು ತಿರುಗುತ್ತದೆ. ಅದನ್ನು ತಣ್ಣಗಿಡುವುದು ಎಂಜಿನ್ ಎಣ್ಣೆ. ಎಂಜಿನ್ ಆರಿಸಿದರೆ ಎಣ್ಣೆ ಅಲ್ಲೇ ನಿಲ್ಲುತ್ತದೆ, ಚಕ್ರ ಮಾತ್ರ ಕೆಂಡದಂತೆ ಕಾದು ಒಣಗಿ ತಿರುಗುತ್ತದೆ, ಉಳಿದ ಎಣ್ಣೆ ಸುಟ್ಟು ಕರಿಯಾಗಿ ಅಂಟುತ್ತದೆ. “ಬಿಸಿಲಲ್ಲಿ ಓಡಿ ಬಂದವನ ಕೈಯಿಂದ ನೀರಿನ ಚೊಂಬು ಕಿತ್ಕೊಂಡ ಹಾಗೆ,” ಎಂದ ಮುರುಗನ್.

ಜವರನಿಗೆ ಅಷ್ಟು ಸಾಕಾಯಿತು. ಅಂದಿನಿಂದ ಎಲ್ಲೇ ನಿಲ್ಲಿಸಿದರೂ ಬೀಡಿ ಹಚ್ಚಿಕೊಂಡು ಎಂಜಿನ್ ಓಡುತ್ತಿದ್ದಂತೆಯೇ ಕೂತಿರುತ್ತಿದ್ದ. ಬೀಡಿ ಮುಗಿದ ಮೇಲೆ ಕೀ.

ಸಿದ್ದೇಶನಿಗೆ ಅದು ಸರಿಬರಲಿಲ್ಲ. “ನಿಂತ ಗಾಡಿಗೆ ಯಾಕ್ಲಾ ಡೀಸಲ್ ಕುಡುಸ್ತೀಯ?”

“ಅದಿನ್ನೂ ನಿಂತಿಲ್ಲ ಬುದ್ದಿ,” ಎಂದಿದ್ದ ಜವರ ಬೀಡಿ ಮರೆಮಾಡಿಕೊಂಡು. “ನಾವ್ ಬಂದ್ಬುಟ್ಟೊ. ಅದಿನ್ನೂ ಬತ್ತಾ ಅದ.”

ಸಿದ್ದೇಶ ಒಳಗೆ ಹೋಗಿ ಹೆಂಡತಿಗೆ ಈ ಮಾತು ಹೇಳಿ ನಕ್ಕ. ಮತ್ತೆ ಕೇಳಲಿಲ್ಲ.

ಮುಂದಿನ ವರ್ಷ ನೇತ್ರ ಸತ್ಯಮಂಗಲದ ಕಾಲೇಜಿಗೆ ಸೇರಿ ಹಾಸ್ಟೆಲಿನಲ್ಲಿ ಉಳಿದಳು. ಶನಿವಾರ ಮಾರ್ಕೆಟ್ಟಿಗೆ ಕೋಸು ಇಳಿಸಿ ಬರುವಾಗ ಜವರ ಅವಳನ್ನು ಹತ್ತಿಸಿಕೊಂಡು ಬರುತ್ತಿದ್ದ. ಮೂರು ಶನಿವಾರ ಅವಳು ಒಂದೇ ಮಾತು ಕೇಳಿದಳು. ಮೂರು ಸಲವೂ ಅವನು ಆಗಲ್ಲ ಎಂದ. ನಾಲ್ಕನೆಯ ಶನಿವಾರ ಹಾಸನೂರು ದಾಟಿದ ನೇರ ರಸ್ತೆಯಲ್ಲಿ ಗಾಡಿ ನಿಲ್ಲಿಸಿ, ತಾನೇ ಇಳಿದು ಹೋಗಿ ಅವಳ ಕಡೆಯ ಬಾಗಿಲು ತೆಗೆದ.

“ಬಾ ಅವ್ವ. ಒಂದೇ ಮಾತು. ನಿಮ್ಮಪ್ಪಂಗೆ ಗೊತ್ತಾಗ್ಬಾರ್ದು. ಗೊತ್ತಾದ್ರ ನನ್ನೂ ಬುಡದಿಲ್ಲ, ನಿನ್ನೂ ಬುಡದಿಲ್ಲ.”

ಕ್ಲಚ್ಚು, ಗೇರು, ಕನ್ನಡಿ. ಏರಿನಲ್ಲಿ ಹಿಂದಕ್ಕೆ ಜಾರದಂತೆ ಹಿಡಿಯುವುದು. ಆನೆ ಕಂಡರೆ ಹಾರನ್ ಹೊಡೆಯದೆ ಹಿಂದಕ್ಕೆ ತೆಗೆಯುವುದು. ಒಂದು ವರ್ಷದಲ್ಲಿ ಅವಳ ಕೈ ಕುದುರಿತು. ಊರು ಹತ್ತಿರವಾದಾಗ ಇಬ್ಬರೂ ಸೀಟು ಬದಲಾಯಿಸಿಕೊಳ್ಳುತ್ತಿದ್ದರು. ಮನೆಯ ಮುಂದೆ ಜವರ ಬೀಡಿ ಹಚ್ಚಿಕೊಂಡು ಕೂತರೆ, ಅವಳು ಪುಸ್ತಕದ ಚೀಲ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು.

*

ಬಾಯಿಗೆ ಅಕ್ಕಿ ಹಾಕುವ ಹೊತ್ತಾಯಿತು. ಹೆಂಗಸರು ಒಬ್ಬೊಬ್ಬರಾಗಿ ಜಗಲಿ ಹತ್ತಿ ಮೂರು ಕಾಳು ಜವರನ ತುಟಿಯ ಮೇಲಿಟ್ಟು ಇಳಿದರು. ಸಿದ್ದೇಶ ಹಾರ ಹಾಕಿ ಅಂಗಳದ ಅಂಚಿಗೆ ಹೋಗಿ ನಿಂತ. ನಾಗೇಶ ಅವನ ಹತ್ತಿರ ಹೋಗಿ ಆನೆಯ ವಿಷಯ ಹೇಳಿ, ಗಾಡಿ ಕೊಡಬಹುದೇ ಎಂದು ಕೇಳುತ್ತಿದ್ದ. ಸಿದ್ದೇಶ ಆಗಲಿ ಎಂದು ತಲೆಯಾಡಿಸಿದ.

ನೇತ್ರ ಜಗಲಿ ಹತ್ತಿ ಅಕ್ಕಿ ಹಿಡಿದ ಕೈಯನ್ನು ಚಾಚಿದಳು. ಚಾಚಿದ ಕೈ ಹಾಗೇ ನಿಂತಿತು.

“ಆಕವ್ವ,” ಎಂದಳು ಪರಿಮಳ. “ಗಾಡಿ ಓಡುಸ್ತಿದ್ದಾಗ ವಾರ್ವಾರ ನಿನ್ ಸುದ್ದಿ ಏಳ್ತಿದ್ದ.”

“ಪರಿಮಳಕ್ಕ,” ಎಂದಳು ನೇತ್ರ. ಅವಳ ದನಿ ಸಣ್ಣದಿರಲಿಲ್ಲ. ಹೇಳಿದರೆ ಎಲ್ಲರಿಗೂ ಕೇಳುವಂತೆಯೇ ಹೇಳಬೇಕೆಂದು ದಾರಿಯುದ್ದಕ್ಕೂ ನಿಶ್ಚಯಿಸಿಕೊಂಡು ಬಂದಿದ್ದಳು. “ಟರ್ಬೊ ಸುಟ್ಟಿದ್ದು ಜವ್ರಣ್ಣ ಅಲ್ಲ. ಅವತ್ತು ಗಾಡಿ ಓಡಿಸಿದ್ದು ನಾನು. ಆಫ್ ಮಾಡಿದ್ದೂ ನಾನೇ.”

*

ಎರಡು ಸಾವಿರದ ಮೂರರ ಅಕ್ಟೋಬರ್ ತಿಂಗಳ ಒಂದು ಶನಿವಾರ. ಪಿಕಪ್ಪಿನ ತುಂಬ ಗೊಬ್ಬರದ ಮೂಟೆ. ಮಾರ್ಕೆಟ್ಟಿನಲ್ಲೇ ಜವರನಿಗೆ ಚಳಿ ಹಿಡಿದಿತ್ತು. ಬಣ್ಣಾರಿ ದಾಟಿ ಘಾಟಿ ಹತ್ತಲು ಶುರು ಮಾಡುವ ಹೊತ್ತಿಗೆ ಹಲ್ಲು ಕಟಕಟ ಎನ್ನುತ್ತಿತ್ತು. ಇಪ್ಪತ್ತೇಳು ತಿರುವುಗಳಲ್ಲಿ ಹತ್ತೊಂಬತ್ತನೆಯದರಲ್ಲಿ ಅವನು ಗಾಡಿಯನ್ನು ಗೋಡೆಯ ಬದಿಗೆ ಒತ್ತಿ ನಿಲ್ಲಿಸಿ, ಬಾಗಿಲು ತೆಗೆದು ವಾಂತಿ ಮಾಡಿಕೊಂಡ.

“ಕೈ ನಿಲ್ತಾ ಇಲ್ಲ ಕನವ್ವ,” ಎಂದ. ಹಿಂದೆ ಎರಡು ಲಾರಿಗಳು ಹಾರನ್ ಹೊಡೆಯುತ್ತಿದ್ದವು. ಅಲ್ಲಿ ನಿಲ್ಲುವಂತಿರಲಿಲ್ಲ, ತಿರುಗಿಸುವಂತೆಯೂ ಇರಲಿಲ್ಲ.

“ಈಚೆಗೆ ಬನ್ನಿ ಜವ್ರಣ್ಣ. ಇನ್ನೆಂಟು ತಿರುವು. ನಾನು ಹತ್ತಿಸ್ತೀನಿ.”

ಅವನು ಅವಳ ಮುಖ ನೋಡಿದ. ಆಮೇಲೆ ಪಕ್ಕಕ್ಕೆ ಸರಿದ. ಅವನ ಉದ್ದ ಕಾಲಿಗೆ ಹಿಂದಕ್ಕೆ ತಳ್ಳಿದ್ದ ಡ್ರೈವರ್ ಸೀಟನ್ನು ನೇತ್ರ ಮುಂದಕ್ಕೆಳೆದುಕೊಂಡು ಮೊದಲ ಗೇರ್ ಹಾಕಿದಳು.

ಎಂಟು ತಿರುವನ್ನೂ ಅವಳು ಹತ್ತಿಸಿದಳು. ಕಿಟಕಿಗೆ ತಲೆಯಾನಿಸಿದ ಜವರ ಕಣ್ಣುಮುಚ್ಚಿಕೊಂಡೇ ಹೇಳುತ್ತಿದ್ದ: ಈಗ ಅಗಲಕ್ಕ ತಕ್ಕೊ, ಈಗ ಕಟ್ ಮಾಡು, ಲಾರಿ ಬುಡು, ಅವ ಓಗ್ಲಿ. ಎಂಜಿನ್ ಒಂದೇ ಸಮನೆ ಕಿರುಚುತ್ತಿತ್ತು. ಕೊನೆಯ ತಿರುವು ದಾಟಿ ದಿಂಬಂ ಟೀ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದಾಗ ಅವಳ ಮೈಯೆಲ್ಲ ಬೆವರಿತ್ತು, ಎದೆಯಲ್ಲಿ ಹಿಡಿಸಲಾರದಷ್ಟು ಹಿಗ್ಗಿತ್ತು. ಜವರನಿಗೆ ಬಿಸಿನೀರು ತರಬೇಕೆಂದು ಕೀ ತಿರುಗಿಸಿ ಓಡಿದಳು.

ನೀರು ತಂದಾಗ ಅವನು ಎದ್ದು ಕೂತು ಬಾನೆಟ್ಟನ್ನೇ ನೋಡುತ್ತಿದ್ದ.

“ಆಫ್ ಮಾಡ್ಬುಟ್ಟಾ?”

“ಹ್ಞೂಂ. ಯಾಕೆ?”

ಅವನು ಮತ್ತೆ ಸ್ಟಾರ್ಟ್ ಮಾಡಲು ಸನ್ನೆ ಮಾಡಿದ. ಎಂಜಿನ್ ಹತ್ತಿತು. ಅದರ ಜೊತೆಗೆ ಕಬ್ಬಿಣ ಕಬ್ಬಿಣವನ್ನು ಕೆರೆಯುವಂಥ ಸದ್ದು, ಹಿಂದಿನಿಂದ ನೀಲಿ ಹೊಗೆ. ಜವರ ಕೈ ಚಾಚಿ ತಾನೇ ಕೀ ತಿರುಗಿಸಿದ. ಒಂದೇ ಸಲಕ್ಕೆ ಹೀಗಾಗುವುದು ಅಪರೂಪವೆಂದೂ, ಎಣ್ಣೆ ಬದಲಿಸುವ ದಿನ ದಾಟಿತ್ತೆಂದೂ, ಅಷ್ಟು ಭಾರದಲ್ಲಿ ಮೊದಲ ಗೇರಿನಲ್ಲೇ ಕುದಿಸಿದ್ದರಿಂದ ತಡೆಯಲಿಲ್ಲವೆಂದೂ ಆಮೇಲೆ ಮುರುಗನ್ ಹೇಳಿದ. ಆದರೆ ಆ ಗಳಿಗೆಯಲ್ಲಿ ಏನಾಯಿತೆಂದು ಜವರನಿಗೆ ಸದ್ದಿನಲ್ಲೇ ಗೊತ್ತಾಗಿತ್ತು.

ಅವನು ಹೇಳಿದ ಮೇಲೆ ನೇತ್ರಳಿಗೆ ಅಳು ಬಂತು. “ನೀವು ಎಂಜಿನ್ ಓಡಿಸ್ಕೊಂಡು ಕೂರ್ತಿದ್ದುದು ಬೀಡಿ ಸೇದೋಕೆ ಅಂತ ನಾನು ಅಂದ್ಕೊಂಡಿದ್ದೆ, ಜವ್ರಣ್ಣ.”

ಜವರ ಅವಳನ್ನು ನೋಡಿದ. ಜ್ವರದ ಕೆಂಪು ಕಣ್ಣಿನಲ್ಲೇ ನಗತೊಡಗಿದ. ನಗು ಕೆಮ್ಮಾಗಿ, ಕೆಮ್ಮು ನಿಂತ ಮೇಲೆ, “ನಂದೇ ತಪ್ಪು ಕನವ್ವ,” ಎಂದ. “ಎಲ್ಲಾನೂ ಏಳ್ಕೊಟ್ಟೆ. ಇದೊಂದ ಬಾಯ್ಬುಟ್ಟು ಏಳ್ನಿಲ್ಲ. ದಿನಾ ಮಾಡಿದ್ನ ನೋಡಿ ಕಲ್ತ್ಕತಾರ ಅಂದ್ಕಂಡಿದ್ದೆ. ಏಳ್ದಿದ್ರ ಯಾರ್ಗ ಗೊತ್ತಾದದು?”

ಆಮೇಲೆ ನೀರು ಕುಡಿದು, ಲೋಟ ಕೆಳಗಿಟ್ಟು, ಲೋಡು ಹಾಕುವಾಗ ಕೂಲಿಯವರಿಗೆ ಹೇಳುವ ದನಿಯಲ್ಲಿ ಹೇಳಿದ: “ಓಡುಸ್ತಿದ್ದೋನು ನಾನು. ಜರದ ಗ್ಯಾನದಲ್ಲಿ ಆಫ್ ಮಾಡ್ದೋನು ನಾನು. ನೀನು ಪಕ್ಕದಲ್ಲಿ ಕುಂತಿದ್ದೆ. ಅಷ್ಟೇಯ. ಬಾಯ್ಬುಟ್ಟೀಯ, ಇನ್ನೊಂದ್ ಸಲ ಸ್ಟೇರಿಂಗು ನಿನ್ ಕೈಗ ಸಿಕ್ಕದಿಲ್ಲ. ಘಾಟಿ ಅತ್ತಿಸ್ದ ಕೈ ಅದು. ಸುಮ್ಕ ಮಡಚಿ ಇಟ್ಕಬ್ಯಾಡ.”

ಸಿದ್ದೇಶ ಊರಿನಿಂದ ಬೇರೆ ಗಾಡಿ ಮಾಡಿಕೊಂಡು ಬಂದು ಪಿಕಪ್ಪನ್ನು ಹಗ್ಗ ಕಟ್ಟಿ ಎಳೆಸಿಕೊಂಡು ಹೋದ. ಜವರ ಮುಚ್ಚುಮರೆಯಿಲ್ಲದೆ ತಪ್ಪೊಪ್ಪಿಕೊಂಡ. ಜ್ವರ ಬಂದವನು ಗಾಡಿ ಎತ್ತಬಾರದಿತ್ತು ಎಂದ ಸಿದ್ದೇಶ, ಮರುದಿನದಿಂದ ಬರಬೇಡ ಎಂದ.

ಒಂದು ವರ್ಷ ಜವರನಿಗೆ ಯಾರೂ ಗಾಡಿ ಕೊಡಲಿಲ್ಲ. ಅಪ್ಪ ಮಾಡುತ್ತಿದ್ದ ಕೂಲಿಯನ್ನೇ ಮಾಡಿದ. ಆಮೇಲೆ ಶಾಲೆಯವರು ವ್ಯಾನ್ ಕೊಟ್ಟರು. ಟರ್ಬೊ ಗಿರ್ಬೊ ಇಲ್ಲದ ಹಳೆಯ ವ್ಯಾನು. ಬೀಡಿ ಬಿಟ್ಟಿದ್ದ. ಅದರ ಬದಲು ಬಾಯಿ ಬಂದಿತ್ತು. ಟರ್ಬೊ ಗಾಡಿ ತಂದ ಹೊಸ ಡ್ರೈವರ್ ಯಾರೇ ಸ್ಟ್ಯಾಂಡಿಗೆ ಬರಲಿ, ಜವರ ಹೋಗಿ ಕಿಟಕಿಗೆ ಕೈಯಿಟ್ಟು ನಿಲ್ಲುತ್ತಿದ್ದ. ಘಾಟಿ ಹತ್ತಿ ಬಂದೆಯಾ, ಎರಡು ನಿಮಿಷ ಓಡಲಿ. ಯಾಕೆ ಗೊತ್ತಾ, ಕೇಳು ಇಲ್ಲಿ. ಕೆಲವರು ಕೇಳಿದರು. ಹೆಚ್ಚಿನವರು ನಕ್ಕರು. ಟರ್ಬೊ ಜವರ ಎಂಬ ಹೆಸರು ಬಿತ್ತು. ಆ ಹೆಸರಿನಿಂದ ಕರೆದರೂ ಅವನು ಓಗೊಡುತ್ತಿದ್ದ.

*

“ಮೊದಲು ಹೆದರಿಕೆ ಇತ್ತು,” ಎಂದಳು ನೇತ್ರ. “ಆಮೇಲೆ ಅಪ್ಪನ ಸೊಂಟ ಹಿಡ್ಕೊಂಡ್ತು, ನಾನು ಕಲೀತೀನಿ ಅಂತ ಕೇಳ್ದೆ, ಬಿಟ್ರು. ಗಾಡಿ ಕೈಗೆ ಬಂತು. ಆವಾಗ ಹೇಳ್ಬೋದಾಗಿತ್ತು. ಹೇಳ್ಲಿಲ್ಲ. ಸ್ಟ್ಯಾಂಡಲ್ಲಿ ಸಿಕ್ಕಾಗೆಲ್ಲ ಜವ್ರಣ್ಣ ನನ್ನ ನೋಡಿ ನಗ್ತಿದ್ರು. ಅವ್ರು ನಗ್ತಾರಲ್ಲ, ಸರಿಯಾಗೇ ಇದೆ ಅಂದ್ಕೊಂಡ್ಬಿಟ್ಟೆ.”

ಸ್ವಲ್ಪ ಮುಂಚೆ ನಕ್ಕಿದ್ದ ಡ್ರೈವರ್ ಹೆಗಲ ಟವೆಲನ್ನು ಕೈಗೆ ತೆಗೆದುಕೊಂಡ.

“ಆರ್ ವರ್ಸ!” ಎಂದಳು ಕವಿತ. “ನನ್ ಮದ್ವೇಲಿ ನಮ್ ಮಾವನೇ ಎಲ್ರ ಮುಂದ ಕೇಳುದ್ರು, ಆ ಟರ್ಬೊ ಸುಟ್ಟೋನು ನೀನೇ ಏನಪ್ಪ ಅಂತ. ನಮ್ಮಪ್ಪ ತಲ ತಗ್ಗಿಸ್ಕಂಡು ಅನ್ನ ಬಡಸ್ತಿದ್ದ. ನೀವೂ ಅಲ್ಲೇ ಊಟಕ್ಕ ಕುಂತಿದ್ರಿ ನೇತ್ರಕ್ಕ.”

“ಕುಂತಿದ್ದೆ,” ಎಂದಳು ನೇತ್ರ. ಕಣ್ಣು ತಪ್ಪಿಸಲಿಲ್ಲ.

ಅಂಗಳದ ಅಂಚಿನಿಂದ ಸಿದ್ದೇಶನ ದನಿ ಬಂತು. “ನನಗೂ ಗೊತ್ತಿತ್ತು.”

ಎಲ್ಲರೂ ತಿರುಗಿದರು. ಅತ್ಯಂತ ಬೆರಗಾಗಿ ತಿರುಗಿದವಳು ನೇತ್ರ.

“ದಿಂಬದಿಂದ ಗಾಡಿ ಎಳುಸ್ಕಂಡು ಬರುವಾಗ ಸ್ಟೇರಿಂಗ್ ಇಡ್ಕಂಡು ಕುಂತಿದ್ದೋನು ನಾನು,” ಎಂದ ಸಿದ್ದೇಶ. “ಕುಂತ್ಕಳಕ್ಕ ಓದ್ರ ಮಂಡಿ ಬಂದು ಸ್ಟೇರಿಂಗ್ಗ ಒಡೀತು. ಸೀಟು ಮುಂದಕ್ಕಿತ್ತು. ಜವ್ರ ಆ ಸೀಟಲ್ಲಿ ಕುಂತು ಓಡ್ಸಕ್ಕ ಆಯ್ತಿತ್ತಾ? ಅವ್ನ ಕಾಲೇ ಇಡೀತಿರ್ನಿಲ್ಲ. ಅಷ್ಟರಲ್ಲೇ ನಂಗ ಗೊತ್ತಾಯ್ತು.”

ಪರಿಮಳ ಗಂಡನ ಮುಖದ ಕಡೆಗೆ ತಿರುಗಿದಳು. ಒಮ್ಮೆ ಅಂಗಡಿಯ ಮುಂದೆ ಅವನು ಯಾರಿಗೋ ಈ ಎರಡು ನಿಮಿಷದ ಪಾಠ ಹೇಳುತ್ತಿದ್ದಾಗ, ಮೊದಲು ನೀನು ಕಲಿತುಕೋ, ಆಮೇಲೆ ಊರಿಗೆ ಹೇಳು ಎಂದು ಎಲ್ಲರೆದುರು ಅಂದುಬಿಟ್ಟಿದ್ದಳು. ಅವನು, ಕಲಿತ ಮೇಲೇ ಹೇಳುತ್ತಿರುವುದು ಕಣೇ ಎಂದು ನಕ್ಕಿದ್ದ. ಈಗ ಅವಳು ಅವನ ಹಣೆಗೆ ಅಂಟಿದ್ದ ಒಂದು ಅಕ್ಕಿಕಾಳನ್ನು ಬೆರಳಿನಿಂದ ತೆಗೆದಳು.

“ನನ್ ಬಾಯಿಂದ್ಲೂ ಅನ್ನಿಸ್ಕಂಡಲ್ಲೋ,” ಎಂದಳು ಅವನಿಗೆ ಮಾತ್ರ ಹೇಳುವಂತೆ. “ನಂಗೊಬ್ಳಿಗಾರ ಏಳ್ಬಾರ್ದಾಗಿತ್ತಾ?”

ಆಮೇಲೆ ತಲೆ ಎತ್ತಿ ಸಿದ್ದೇಶನನ್ನು ನೋಡಿದಳು.

“ಈ ಮಗು ಎದ್ರಿತ್ತು ಬುದ್ದಿ, ಚಿಕ್ದು. ಇವ ಈ ಮಗೀಗೋಸ್ಕರ ಬಾಯಿ ಮುಚ್ಕಂಡಿದ್ದ. ನೀವು ಯಾರ್ಗೋಸ್ಕರ ಮುಚ್ಕಂಡ್ರಿ?”

ಸಿದ್ದೇಶ ಚಿಕ್ಕಯ್ಯನ ಕಡೆ ನೋಡಿದ. ಸುತ್ತ ನಿಂತಿದ್ದವರಲ್ಲಿ ಒಬ್ಬನಾದರೂ ಮಾತು ಬದಲಿಸಲಿಲ್ಲ.

“ನನಗೋಸ್ಕರ,” ಎಂದ. “ಮಗಳು ಕೇರಿಯವ್ನ ಪಕ್ಕ ಕುಂತು ಕಾಡ್ ರಸ್ತೇಲಿ ಗಾಡಿ ಕಲ್ತ್ಲು ಅಂತ ಊರು ಮಾತಾಡ್ಕತದ ಅಂತ. ಅವ ತಪ್ಪು ಒಪ್ಕಂಡ. ನಾನು ಒಪ್ಪುಸ್ಕಂಡೆ.”

ಚಿಕ್ಕಯ್ಯ ಮುಂದಕ್ಕೆ ಬಂದ. “ಒತ್ತಾಯ್ತದ. ಗಾಡಿ ವಿಚಾರ ಏನ್ ಮಾಡವ? ತಾಳವಾಡಿಗ ಯಾರಾರ ಓಗಿ ಬ್ಯಾರೆ ತರ್ಲಾ?”

“ಬ್ಯಾರೆನೇ ತರ್ಲಿ,” ಎಂದಳು ಕವಿತ. “ಅವ್ರ ಗಾಡಿ ನಮಗ ಬ್ಯಾಡ ಅವ್ವ.”

“ಅದು ಅವ್ರ ಗಾಡಿ ಅಲ್ಲ ಕಣ,” ಎಂದಳು ಪರಿಮಳ. “ನಿಮ್ಮಪ್ಪ ಓಡ್ಸಿದ ಗಾಡಿ. ಅದ್ರಲ್ಲೇ ಓಯ್ತಾನ.” ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು ನಿಂತು, ಸ್ಟ್ಯಾಂಡಿನ ಡ್ರೈವರುಗಳ ಕಡೆಗೆ ತಿರುಗಿದಳು. “ಎಲ್ರೂ ಕೇಳಿಸ್ಕಂಡ್ರಲ್ಲ? ಇಲ್ಲಿ ಬರ್ದೆ ಇರೋರ್ಗೂ ಏಳಿ. ಸುಡ್ನಿಲ್ಲ ಅಂತ ಏಳಿ. ಅವ ಏಳಿದ್ದು ಸರಿ ಅಂತಾನೂ ಏಳಿ.”

“ಏಳ್ತೀವಿ ಅತ್ಗೆ,” ಎಂದ ನಾಗೇಶ.

ಅವಳು ನೇತ್ರಳ ಕೈ ಹಿಡಿದು ಜವರನ ಬಾಯಿಯ ಬಳಿಗೆ ತಂದಳು. ಬೆವರಿನಿಂದ ಅಂಗೈಗೆ ಅಂಟಿಕೊಂಡಿದ್ದ ಅಕ್ಕಿ ಉದುರಲು ಸ್ವಲ್ಪ ಹೊತ್ತು ಹಿಡಿಯಿತು.

“ನೀನೇ ಓಡ್ಸು,” ಎಂದಳು. “ಅವ ಕಲ್ಸಿದಂಗ ಓಡ್ಸು. ಒಂಚೂರೂ ಅಲ್ಲಾಡಬಾರ್ದು. ನಾನೂ ಬತ್ತೀನಿ.”

“ಎಂಗುಸ್ರು ಗುಂಡೀಗಂಟ ಬರದಿಲ್ಲ ಕನವ್ವ,” ಎಂದ ಚಿಕ್ಕಯ್ಯ.

“ಎಂಗುಸೇ ಕರ್ಕಂಡ್ ಓಯ್ತಾಳಲ್ಲ ಮಾವ. ನಾನ್ ಬಂದ್ರ ಏನು?”

ಚಿಕ್ಕಯ್ಯ ತಮಟೆಯವರಿಗೆ ಕೈಸನ್ನೆ ಮಾಡಿದ. ತಮಟೆ ಶುರುವಾಯಿತು. ನಾಗೇಶ ಮತ್ತು ಮೂವರು ಚಟ್ಟಕ್ಕೆ ಹೆಗಲು ಕೊಟ್ಟರು. ನೇತ್ರ ಗಾಡಿಯನ್ನು ಹಿಂದಕ್ಕೆ ತಂದು ಅಂಗಳಕ್ಕೆ ಬೆನ್ನು ಮಾಡಿ ನಿಲ್ಲಿಸಿದಳು. ಚಟ್ಟ ಒಳಗೆ ಹೋಯಿತು, ಆದರೆ ಪೂರ್ತಿ ಹಿಡಿಸಲಿಲ್ಲ. ಜವರನ ಪಾದಗಳು ಹಿಂಬದಿಯ ಹಲಗೆಯ ಆಚೆಗೆ ಉಳಿದವು. ಹಲಗೆಯನ್ನು ಇಳಿಬಿಟ್ಟೇ ಹೋಗಬೇಕಾಯಿತು.

“ಊರ್ ಮುಂದಿನ ಏರಲ್ಲಿ ಜಾರ್ತದ,” ಎಂದ ನಾಗೇಶ. “ಅಗ್ಗ ಇದ್ರೂ ಜಾರ್ತದ. ಒಬ್ರು ಕುಂತು ಇಡ್ಕಬೇಕು. ತಡೀರಿ, ನಾನೇ...”

ಅವನು ಹಗ್ಗದ ತುದಿ ಹುಡುಕುವಷ್ಟರಲ್ಲಿ ಸಿದ್ದೇಶ ಗಾಡಿಯ ಹಿಂಬದಿಗೆ ಬಂದಿದ್ದ. ಸೊಂಟದ ನೋವಿಗೆ ಒಂದು ಕೈಯನ್ನು ಹಲಗೆಗೆ ಊರಿ, ಯಾರ ಸಹಾಯವನ್ನೂ ಕೇಳದೆ, ಎರಡನೆಯ ಸಲಕ್ಕೆ ಮೇಲೆ ಹತ್ತಿದ. ಯಾರೂ ಬೇಡವೆನ್ನಲಿಲ್ಲ. ಬನ್ನಿ ಎಂದೂ ಅನ್ನಲಿಲ್ಲ.

ಪರಿಮಳ ಮುಂದೆ ಹತ್ತಿ ಕೂತಳು. ನೇತ್ರ ಮೊದಲ ಗೇರಿನಲ್ಲಿ ಗಾಡಿಯನ್ನು ಕೇರಿಯಿಂದ ಇಳಿಸಿದಳು. ತಮಟೆ ಮುಂದೆ, ಜನ ಹಿಂದೆ. ಮುಸುಕಿನ ಜೋಳದ ಹೊಲಗಳ ನಡುವೆ ಹಾದು ಊರ ಮುಂದಿನ ಏರು ಬಂದಾಗ ಎಂಜಿನ್ನಿನ ಸದ್ದು ಏರಿತು. ಗಾಡಿ ಮೂಗೆತ್ತಿತು.

ಜೀರಹಳ್ಳಿಯ ಟೀ ಅಂಗಡಿಯಲ್ಲಿ ಕೂತಿದ್ದವರು ಲೋಟ ಕೆಳಗಿಟ್ಟು ಎದ್ದರು. ಕೋಸಿನ ಎಲೆಗಳು ಒಣಗಿ ಅಂಟಿದ್ದ ಗಾಡಿಯ ತಳದಲ್ಲಿ, ಇಳಿಬಿಟ್ಟ ಹಲಗೆಯ ಅಂಚಿಗೆ ಕಾಲು ಕೊಟ್ಟು, ಬಿಳಿ ಪಂಚೆಯ ಸಿದ್ದೇಶ ನೆಲಕ್ಕೇ ಕೂತಿದ್ದ. ಹಿಂದಕ್ಕೆ ಜಾರಿ ಬರುತ್ತಿದ್ದ ಜವರನ ಎರಡು ಪಾದಗಳನ್ನೂ ಎದೆಗೊತ್ತಿ, ತೋಳಿನಿಂದ ಬಳಸಿ ಹಿಡಿದುಕೊಂಡಿದ್ದ.